ರಾಣಿಯ ಸೊಂಟದ ಅಳತೆ

ಜಗಳ ಶುರುವಾದದ್ದು ಒಂದು ಸೊಂಟದ ವಿಷಯಕ್ಕೆ. ಆ ಸೊಂಟ ಮನೆಯವರ ಪೈಕಿ ಯಾರದ್ದೂ ಅಲ್ಲ, ಟೀವಿ ಧಾರಾವಾಹಿಯೊಂದರ ರಾಣಿಯದು. ಆದರೆ ಅದರ ಮೇಲಿದ್ದ ನಿಲುವಂಗಿಯನ್ನು ಹೊಲಿದವಳು ಪುಟ್ಟಿ. ಪುಟ್ಟಿ ಎಂದ ಕೂಡಲೇ ಎರಡು ಜಡೆಯ ಹುಡುಗಿಯನ್ನು ಕಲ್ಪಿಸಿಕೊಳ್ಳಬೇಡಿ. ನಲವತ್ತು ದಾಟಿದ ಹೆಂಗಸು, ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಹಾಕಿಕೊಂಡು ಅರ್ಧ ಬೀದಿಯ ಬಟ್ಟೆ ಹೊಲಿಯುವವಳು. ಚಿಕ್ಕಂದಿನಲ್ಲಿ ಅಂಟಿದ ಹೆಸರು ಬಿಟ್ಟು ಹೋಗಲಿಲ್ಲ, ಅಷ್ಟೇ.

ಎರಡು ಯಂತ್ರಗಳಲ್ಲಿ ಕಿಟಕಿಯ ಪಕ್ಕದ್ದು ಅಮ್ಮನದು. ಅಮ್ಮನೆಂದರೆ ಪುಟ್ಟಿಯನ್ನು ಹೆತ್ತವಳು, ಹೊಲಿಗೆ ಕಲಿಸಿದವಳು, ಈ ಮನೆಯ ಹೈಕೋರ್ಟು. ಪುಟ್ಟಿ ಏನು ಹೊಲಿದರೂ ಅಮ್ಮ ಅದನ್ನು ಒಳಮೈ ಹೊರಗೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಏನಾದರೊಂದು ಹುಡುಕಿಯೇ ತೀರುತ್ತಿದ್ದಳು. "ಇಲ್ಲಿ ಸುಕ್ಕು." "ಈ ಮೂಲೆ ಎಳೀತಾ ಇದೆ." "ಎಡಗೈಲಿ ಹೊಲಿದೆಯಾ ಇದನ್ನ?" ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲವೂ ಅವಳ ಹೊಲಿಗೆಗೆ ಆ ಬಾಯಿಂದ 'ಚೆನ್ನಾಗಿದೆ' ಎಂಬ ಮಾತು ಉದುರಿರಲಿಲ್ಲ. ಪುಟ್ಟಿ ನಕ್ಕು ಸುಮ್ಮನಾಗುತ್ತಿದ್ದಳು. ಆ ನಗುವನ್ನು ನಂಬಬೇಡಿ. ಆ ಒಂದು ಮಾತಿಗಾಗಿ ಅವಳು ಹತ್ತು ವರ್ಷದ ಹುಡುಗಿಯ ಹಾಗೆ ಒಳಗೊಳಗೇ ಬಾಯಿ ಬಿಡುತ್ತಿದ್ದಳು.

ಈಗ ಸೊಂಟಕ್ಕೆ ಬರೋಣ. ಧಾರಾವಾಹಿಯವರ ಖಾಯಂ ದರ್ಜಿ ಜಾರಿಬಿದ್ದು ಕೈ ಮುರಿದುಕೊಂಡ. ಯಾರೋ ಯಾರಿಗೋ ಹೇಳಿ, ರಾಣಿಯ ನಿಲುವಂಗಿಯ ಕೆಲಸ ಪುಟ್ಟಿಯ ಬಾಗಿಲಿಗೆ ಬಂತು. ಅಮ್ಮ ಆಗ ಮನೆಯಲ್ಲಿರಲಿಲ್ಲ, ಮಗನ ಮನೆಗೆ ಹೋಗಿದ್ದಳು. ಪುಟ್ಟಿ ತಾನೇ ಸ್ಟುಡಿಯೋಗೆ ಹೋಗಿ ನಟಿಯ ಅಳತೆ ತೆಗೆದಳು, ತಾನೇ ಬಟ್ಟೆ ಕತ್ತರಿಸಿದಳು, ತಾನೇ ಹೊಲಿದಳು. ಕಡುನೀಲಿ ಮಖಮಲ್ಲು, ಕಾಲರಿನ ಸುತ್ತ ಬೆಳ್ಳಿ ದಾರದಲ್ಲಿ ಎಲೆಗಳ ಬಳ್ಳಿ. ಒಂದೊಂದು ಎಲೆ ಅಕ್ಕಿಕಾಳಿನಷ್ಟು, ಅದರೊಳಗೆ ನರ ಬೇರೆ! ಕೊನೆಯ ದಿನ ಸ್ಟುಡಿಯೋದ ಕಾರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತ ನಿಂತಿತು. ಗಡಿಬಿಡಿಯಲ್ಲಿ ಇಸ್ತ್ರಿ ಎಳೆದು, ಮಡಚಿ, ಕೊಟ್ಟು ಕಳಿಸಿದ್ದಾಯಿತು. ಅಮ್ಮನ ಕಣ್ಣಿಗೆ ಬೀಳದೆ ಈ ಮನೆಯಿಂದ ಆಚೆ ಹೋದ ಮೊದಲ ಬಟ್ಟೆ ಅದು.

ಅಮ್ಮ ವಾಪಸ್ಸು ಬಂದ ಮೇಲೆ ಪುಟ್ಟಿ ಎಲೆಗಳನ್ನು ವರ್ಣಿಸಿದ್ದೇ ವರ್ಣಿಸಿದ್ದು. ಅಮ್ಮ "ನೋಡೋಣ" ಎಂದಳು. ಆ 'ನೋಡೋಣ' ಇವತ್ತಿಗೆ ಬಂದು ನಿಂತಿತ್ತು. ಸಂಜೆ ಏಳೂವರೆಗೆ ರಾಣಿ ಮೊದಲ ಸಲ ಧಾರಾವಾಹಿಯಲ್ಲಿ ಕಾಣಿಸಿಕೊಳ್ಳಲಿದ್ದಳು. ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಅದರ ಜಾಹೀರಾತು ಬಂತು. ರಾಣಿ ಮೆಟ್ಟಿಲಿಳಿದಳು, ಒಮ್ಮೆ ತಿರುಗಿದಳು, ಮಾಯವಾದಳು. ಅಮ್ಮ ಲೋಟ ಕೆಳಗಿಟ್ಟಳು.

"ಸೊಂಟದಲ್ಲಿ ಎಷ್ಟು ಸಡಿಲ ಬಿಟ್ಟಿದ್ದೀಯ?"

"ಏನೂ ಬಿಟ್ಟಿಲ್ಲಮ್ಮ. ಮೈಗೆ ಸರಿಯಾಗಿ ಕೂತಿದೆ."

"ಕೂತಿದ್ರೆ ಹಿಂಗ್ಯಾಕೆ ಕಾಣ್ತಾಳೆ? ದಿಂಬಿಗೆ ಗವಸು ಹಾಕಿದ ಹಾಗಿದೆ. ಕತ್ತಿನ ಸುತ್ತ ಅದೇನು, ಸುಣ್ಣ ಬಳಿದಿದ್ದಾ?"

"ಎಲೆ ಅಮ್ಮಾ! ಬೆಳ್ಳಿ ಎಲೆ!"

"ಎಲೆಯಂತೆ. ನಂಗೆ ಸುಣ್ಣವೇ ಕಾಣ್ತು. ಅಳತೆ ತಪ್ಪಿದ್ದೀಯ, ಬಿಡು. ನಾನಿದ್ದಿದ್ರೆ ಹಿಂಗಾಗ್ತಿರಲಿಲ್ಲ."

ಹೇಳಿ, ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಆ ನಟಿಯ ಸೊಂಟಕ್ಕೆ ಟೇಪು ಸುತ್ತಿದ್ದು ಪುಟ್ಟಿಯ ಕೈ. ಕಡ್ಡಿಯಂಥ ಹುಡುಗಿ, ಉಸಿರು ಬಿಟ್ಟರೆ ಟೇಪು ಜಾರುತ್ತಿತ್ತು. ಟೀವಿಯಲ್ಲಿ ನೋಡಿದರೆ ಅವಳಿಗೆ ಅಕ್ಕನಿದ್ದ ಹಾಗೆ, ಅದೂ ಚೆನ್ನಾಗಿ ಉಂಡುಟ್ಟ ಅಕ್ಕ. ಪುಟ್ಟಿ ತಲೆ ಕೆರೆದುಕೊಂಡಳು. ಆಮೇಲೆ ದರ್ಜಿಗಳು ಮಾತ್ರ ಮಾಡುವ ಕೆಲಸವೊಂದನ್ನು ಮಾಡಿದಳು. ಕತ್ತಿನಲ್ಲಿ ನೇತಾಡುತ್ತಿದ್ದ ಟೇಪು ತೆಗೆದುಕೊಂಡು ಟೀವಿಯ ಮುಂದೆ ನಿಂತಳು. ವಾರ್ತೆಗೆ ಮೊದಲು ತೆರೆಯ ತುಂಬ ಒಂದು ದುಂಡು ಗಡಿಯಾರ ಬರುತ್ತದಲ್ಲ, ಅದು ಬಂದದ್ದೇ ತಡ, ಅಡ್ಡಕ್ಕೆ ಅಳೆದಳು, ಉದ್ದಕ್ಕೆ ಅಳೆದಳು. ಅಡ್ಡ ಜಾಸ್ತಿ ಬಂತು. ಗಡಿಯಾರ ದುಂಡಗೆ ಇರಲೇ ಇಲ್ಲ, ಕುಂಬಳಕಾಯಿಯ ಹಾಗೆ ಅಡ್ಡಡ್ಡ ಉಬ್ಬಿತ್ತು!

"ಅಮ್ಮ, ಬಾ ಇಲ್ಲಿ, ನೀನೇ ನೋಡು. ಟೀವಿ ಎಲ್ಲರನ್ನೂ ದಪ್ಪ ಮಾಡ್ತಿದೆ."

"ಟೀವಿ ಚೆನ್ನಾಗೇ ಇದೆ. ಹೊಸದು. ನಿನ್ನ ಕೈ ನೆಟ್ಟಗಿಲ್ಲ ಅಂದ್ರೆ ಪಾಪ ಅದೇನು ಮಾಡುತ್ತೆ?"

ವಾರ್ತೆ ಓದುವ ಹೆಂಗಸು ಬಂದು ಕೂತಳು. ಅವಳ ಗುಂಡು ಕೆನ್ನೆ ನೋಡಿ ಅಮ್ಮ ತಿಂಗಳುಗಳಿಂದ "ಸುಖವಾಗಿದ್ದಾಳೆ, ಪುಣ್ಯವಂತೆ" ಎನ್ನುತ್ತಿದ್ದಳು. ಆ ಪುಣ್ಯವೆಲ್ಲ ಟೀವಿಯದೇ ಎಂದು ಪುಟ್ಟಿಗೆ ಈಗ ಹೊಳೆಯಿತು.

ಮಧ್ಯಾಹ್ನ ಪುಟ್ಟಿಯ ಗಂಡ ಡ್ಯೂಟಿ ಮುಗಿಸಿ ಬಂದ. ಬಸ್ ಡ್ರೈವರ್. ಬಸ್ಸಿನ ಯಾವ ಸದ್ದು ಯಾವ ಬೋಲ್ಟಿನಿಂದ ಬರುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲ, ಹಾಗಾಗಿ ಪ್ರಪಂಚದ ಸಕಲ ಯಂತ್ರಗಳೂ ತನ್ನ ಮಾತು ಕೇಳುತ್ತವೆಂದು ನಂಬಿದ್ದ. ಟೇಪು, ಗಡಿಯಾರ, ಸೊಂಟ, ಸುಣ್ಣ ಎಲ್ಲವನ್ನೂ ಪುಟ್ಟಿ ಒಂದೇ ಉಸಿರಿನಲ್ಲಿ ಹೇಳಿದಳು. ಅವನು ಟೀವಿಯ ಕೆಳಗಿದ್ದ ಸೆಟ್ ಟಾಪ್ ಬಾಕ್ಸನ್ನು ಕೈಗೆತ್ತಿಕೊಂಡು, ವೈದ್ಯರು ಮಗುವಿನ ಹೊಟ್ಟೆ ತಟ್ಟುವ ಹಾಗೆ ತಟ್ಟಿದ.

"ಗೊತ್ತಾಯ್ತು ಕಣೆ. ನಾವು ಟೀವಿ ಮಾತ್ರ ಬದಲಾಯಿಸಿದ್ವಿ, ಡಬ್ಬಿ ಹಳೇದೇ. ಅದಿನ್ನೂ ಆ ಹಳೇ ಚೌಕದ ಟೀವಿಗೇ ಚಿತ್ರ ಕಳಿಸ್ತಾ ಇದೆ. ಹೊಸ ಟೀವಿ ಅಗಲ, ಅದಕ್ಕೇ ಹಿಡಿದು ಎಳೀತಿದೆ."

"ಅಂದ್ರೆ, ಸಣ್ಣ ಸೈಜಿನ ಅಂಗೀನ ದೊಡ್ಡ ಮೈಗೆ ಎಳೆದೆಳೆದು ಹಾಕಿದ ಹಾಗೆ?"

"ಹ್ಞಾಂ, ಅದೇ. ರೆಸಲ್ಯೂಷನ್, ಅಂದ್ರೆ ಚಿತ್ರದಲ್ಲಿ ಎಷ್ಟು ಗೆರೆ ಅನ್ನೋದು, ಅದನ್ನ ಬದಲಾಯಿಸಿದ್ರೆ ಆಯ್ತು. ಎರಡು ನಿಮಿಷದ ಕೆಲಸ."

ಎರಡು ನಿಮಿಷದ ಕೆಲಸ ಎಂದವರ ಮನೆಯಲ್ಲಿ ಆ ದಿನ ಅಡುಗೆ ತಡವಾಗುತ್ತದೆ, ನನಗೆ ಚೆನ್ನಾಗಿ ಗೊತ್ತು. ಡ್ರೈವರ್ ರಿಮೋಟು ಹಿಡಿದು ಮೆನುವಿನೊಳಗೆ ನುಗ್ಗಿದ. ರೆಸಲ್ಯೂಷನ್ ಎಂಬಲ್ಲಿ ಸಂಖ್ಯೆಗಳು ಒಂದರ ಕೆಳಗೊಂದು ನಿಂತಿದ್ದವು. 576, 720, 1080, 2160. ಮೊದಲನೆಯದರ ಮುಂದೆ ಚುಕ್ಕೆ ಇತ್ತು.

"ನೋಡಿದ್ಯಾ? ಎಲ್ಲಕ್ಕಿಂತ ಸಣ್ಣದರಲ್ಲಿ ಕೂತಿದೆ. ಸುಣ್ಣ ಕಾಣದೆ ಇನ್ನೇನು ಕಂಡೀತು? ದೊಡ್ಡದನ್ನೇ ಹಾಕೋಣ."

"ನಮ್ಮ ಟೀವಿಗೆ ಆಗುತ್ತೇನ್ರೀ ಅದು?"

"ದೊಡ್ಡದು ಯಾರಿಗೆ ಆಗಲ್ಲ?"

2160 ಒತ್ತಿದ. ತೆರೆ ಕಪ್ಪಾಯಿತು. ಸ್ವಲ್ಪ ಹೊತ್ತು ಸುಮ್ಮನಿರಬಹುದಿತ್ತು, ಆದರೆ ಸುಮ್ಮನಿರುವುದು ಡ್ರೈವರನ ಜಾಯಮಾನದಲ್ಲೇ ಇಲ್ಲ. ಓಕೆ ಒತ್ತಿದ. ಮತ್ತೊಮ್ಮೆ ಒತ್ತಿದ. ಕಪ್ಪು ಕಪ್ಪಾಗಿಯೇ ಉಳಿಯಿತು. ಸ್ವಿಚ್ಚು ಆರಿಸಿ ಹಾಕಿದ, ಡಬ್ಬಿಯ ಪ್ಲಗ್ಗು ಕಿತ್ತು ಚುಚ್ಚಿದ, ರಿಮೋಟಿನ ಶೆಲ್ಲು ತೆಗೆದು ಪ್ಯಾಂಟಿಗೆ ಉಜ್ಜಿ ಹಾಕಿದ. ಏನೂ ಇಲ್ಲ. ಇಷ್ಟು ಹೊತ್ತು ರಾಣಿ ದಪ್ಪಗಾದರೂ ಇದ್ದಳು, ಈಗ ಅವಳೂ ಇಲ್ಲ.

"ಸರಿಯಾಯ್ತಾ ಅಳಿಯಂದಿರೇ?" ಕಿಟಕಿಯ ಬಳಿಯಿಂದ ಅಮ್ಮನ ದನಿ ಬಂತು. ಸೂಜಿಯನ್ನು ಅಷ್ಟು ನಯವಾಗಿ ಚುಚ್ಚುವುದು ಅಮ್ಮನಿಗೆ ಮಾತ್ರ ಗೊತ್ತು.

ಡ್ರೈವರ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಮೆನುಗೆ ಹೋಗಿ ಸಾರ್."

"ಮೆನು ಕಾಣ್ತಿಲ್ಲಮ್ಮ. ಎಲ್ಲಾ ಕಪ್ಪು."

"ಸರಿ ಸಾರ್. ಮೆನುನಲ್ಲಿ ರೆಸಲ್ಯೂಷನ್ ಅಂತ ಇರುತ್ತೆ, ಅದನ್ನ ಬದಲಾಯಿಸಿ."

"ಅಯ್ಯೋ, ಮೆನುವೇ ಕಾಣ್ತಿಲ್ಲ ಅಂದೆನಲ್ಲ ತಾಯಿ!"

"ಅದಕ್ಕೇ ಸಾರ್, ಬದಲಾಯಿಸಿದ್ರೆ ಕಾಣುತ್ತೆ."

ಡ್ರೈವರ್ ಫೋನನ್ನು ಕಿವಿಯಿಂದ ತೆಗೆದು ಅದರ ಮುಖವನ್ನೇ ನೋಡಿದ. ಪುಟ್ಟಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಗಂಟೆ ಆರಾಗುತ್ತ ಬಂದಿತ್ತು. ಇವತ್ತು ತಪ್ಪಿದರೆ ಅಮ್ಮನ ತಲೆಯಲ್ಲಿ ಆ ಸೊಂಟ ಹಾಗೆಯೇ ಕೂತುಬಿಡುತ್ತದೆ. ಇನ್ನು ಮುಂದೆ ಪ್ರತಿ ಬಟ್ಟೆಗೂ "ಆ ರಾಣಿಗೆ ಮಾಡಿದ ಹಾಗೆ ಮಾಡಬೇಡ" ಎಂಬ ಒಗ್ಗರಣೆ ಗ್ಯಾರಂಟಿ. ಅಳತೆ ತಪ್ಪಿದಳು ಎಂದು ಹೆತ್ತಮ್ಮನ ಬಾಯಲ್ಲಿ ಹೇಳಿಸಿಕೊಂಡು ದರ್ಜಿಯೊಬ್ಬಳು ಬದುಕುವುದು ಹೇಗೆ?

"ಆ ಡಿಷ್ ಕೂರಿಸಿದ್ನಲ್ಲ, ಅವನಿಗೆ ಮಾಡ್ರೀ," ಎಂದಳು.

ಡಿಷ್‌ನವನು ಯಾರದೋ ಮಾಳಿಗೆಯ ಮೇಲಿದ್ದ, ಗಾಳಿಯ ಸದ್ದಿನ ನಡುವೆ ಕಿರುಚಿಯೇ ಮಾತಾಡಿದ. "ದೊಡ್ಡ ನಂಬರ್ ಹಾಕಿದ್ರಾ? ನಿಮ್ಮ ಟೀವಿಗೆ ಅದು ಹಿಡಿಯಲ್ಲ ಸಾರ್. ಸುಮ್ನೆ ಬಿಟ್ಟಿದ್ರೆ ಅದೇ ಹಳೇದಕ್ಕೆ ವಾಪಸ್ ಬರ್ತಿತ್ತು. ಓಕೆ ಒತ್ತಿಬಿಟ್ರಾ?"

"ಇಲ್ಲಪ್ಪ... ಹಂಗೇ ಕೈ ತಾಕ್ತು."

"ಎರಡು ಸಲ ತಾಕ್ತು," ಎಂದಳು ಪುಟ್ಟಿ.

"ಡಬ್ಬಿ ಜೊತೆ ಮೂರು ಬಾಯಿನ ವೈರ್ ಬಂದಿತ್ತಲ್ಲ, ಹಳದಿ, ಕೆಂಪು, ಬಿಳಿ? ಅದನ್ನ ಹಾಕಿ. ಆ ವೈರಲ್ಲಿ ಚಿತ್ರ ಬಂದೇ ಬರುತ್ತೆ. ಟೀವೀನ ಏವಿಗೆ ಇಟ್ರೆ ಮೆನು ಕಾಣುತ್ತೆ. ಸಾವಿರದ ಎಂಬತ್ತು ಇಟ್ಟು, ಆಮೇಲೆ ಮತ್ತೆ ಈಗಿನ ವೈರಿಗೇ ಬನ್ನಿ. ಅಷ್ಟೇ!"

ಮೂರು ಬಾಯಿನ ವೈರು ಎಲ್ಲಿ? ಟೀವಿಯ ಹಿಂದೆ ಇಲ್ಲ. ಹಳೇ ಚಾರ್ಜರುಗಳ ಡಬ್ಬದಲ್ಲಿ ಇಲ್ಲ. ಡ್ರೈವರ್ ಮಂಚದ ಕೆಳಗೆ ತಲೆ ತೂರಿಸಿದ, ಪುಟ್ಟಿ ಗುಂಡಿಗಳ ಡಬ್ಬಿ, ಜಿಪ್ಪುಗಳ ಚೀಲ, ಬಾಬಿನ್‌ಗಳ ಪೆಟ್ಟಿಗೆ ಎಲ್ಲ ಸುರಿದಳು. ಕೋಣೆ ಸಂತೆಯಾಯಿತು. ಅಮ್ಮ ಮಾತ್ರ ಯಾರದೋ ಲಂಗದ ಅಂಚು ಮಡಿಸುತ್ತ ಕೂತಿದ್ದಳು. ಕೊನೆಗೆ ಮೂಲೆಯಲ್ಲಿ, ಒಳಪದರಕ್ಕೆ ಹಾಕುವ ಅಸ್ತರಿ ಬಟ್ಟೆಯ ದೊಡ್ಡ ಗಂಟಿನ ಮೇಲೆ ಪುಟ್ಟಿಯ ಕಣ್ಣು ಬಿತ್ತು. ಗಂಟಿಗೆ ಸುತ್ತಿದ ಹಗ್ಗದ ತುದಿಯಲ್ಲಿ ಹಳದಿ, ಕೆಂಪು, ಬಿಳಿ ಮೂತಿಗಳು.

"ಏ, ಅದನ್ನ ಬಿಚ್ಚಬೇಡಿ! ಗಂಟು ಚೆನ್ನಾಗಿ ನಿಂತಿದೆ," ಎಂದಳು ಅಮ್ಮ.

"ಅತ್ತೆ, ಇದು ವೈರು!"

"ವೈರೋ ಗಿಯ್ರೋ, ಗಟ್ಟಿ ಇದೆ. ಬೇರೆ ಹಗ್ಗ ಕೊಟ್ಟು ಬಿಚ್ಕೊಳ್ಳಿ."

ಗಂಟನ್ನು ನೋಡಿ ಪುಟ್ಟಿ, "ಟೀವಿಗೂ ಗಂಟಿಗೂ ಆದ್ರೆ 'ಚೆನ್ನಾಗಿ' ಅಂತೀಯ ನೋಡು," ಎಂದು ಗೊಣಗಿದಳು. ಅಮ್ಮನಿಗೆ ಕೇಳಿಸಿತೋ ಇಲ್ಲವೋ. ಅಮ್ಮ ಹಾಕಿದ ಗಂಟು ಬಿಚ್ಚುವುದೆಂದರೆ ಸಾಮಾನ್ಯವೇ? ಡ್ರೈವರ್ ಹಲ್ಲು ಹಾಕಿದ, ಪುಟ್ಟಿ ದಬ್ಬಳ ಹಾಕಿದಳು, ಇಬ್ಬರೂ ಒಬ್ಬರಿಗೊಬ್ಬರು ಬೈದುಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿನ ಸದ್ದು. ಎದುರಂಗಡಿಯ ಕಟಿಂಗ್ ಮಾಸ್ತರ್! ಗಾಜಿನ ಬಾಗಿಲು, ಬಾಗಿಲಲ್ಲೊಂದು ಕೋಟು ತೊಟ್ಟ ಗೊಂಬೆ ಇಟ್ಟುಕೊಂಡು, ಅಮ್ಮನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಆಚೆ ದಡಕ್ಕೆ ದಾಟಿಸಿಕೊಳ್ಳುವ ಆಸಾಮಿ. ನಾಲಿಗೆ ಮಾತ್ರ ಬೆಣ್ಣೆ.

"ನಿಮ್ಮ ಮಗಳು ಹೊಲಿದಿದ್ದು ಟೀವೀಲಿ ಬರುತ್ತಂತಲ್ಲಮ್ಮಾ. ನಾನು ಮನೆಗೆ ಹೋಗೋಷ್ಟರಲ್ಲಿ ಮುಗಿದೇ ಹೋಗುತ್ತೆ. ಇಲ್ಲೇ ನೋಡೋಣ ಅಂತ ಬಂದೆ."

"ಬನ್ನಿ ಮಾಸ್ತರ್, ಕೂತ್ಕೊಳ್ಳಿ," ಎಂದಳು ಅಮ್ಮ. ಕೂರಲು ಒಂದು ಸ್ಟೂಲು ತೋರಿಸಿದಳು, ಕೋಣೆಯಲ್ಲೇ ಕುಂಟುವ ಸ್ಟೂಲು ಅದೊಂದೇ.

ಪುಟ್ಟಿ ಗಂಟಿಗೆ ಇನ್ನೂ ಜೋರಾಗಿ ದಬ್ಬಳ ಹಾಕಿದಳು. ಅಮ್ಮನ ಮುಂದೆ ಮಾನ ಹೋದರೆ ಮನೆಯೊಳಗೆ ಹೋಗುತ್ತದೆ, ಮಾಸ್ತರನ ಮುಂದೆ ಹೋದರೆ ಬೀದಿಯಲ್ಲೆಲ್ಲ ಹೋಗುತ್ತದೆ. ವೈರು ಬಿಚ್ಚಿಕೊಂಡಿತು. ಮೂರು ಮೂತಿಗಳನ್ನು ಮೂರು ಬಣ್ಣದ ತೂತುಗಳಿಗೆ ಸಿಕ್ಕಿಸಿ ಟೀವಿಯನ್ನು ಏವಿಗೆ ಇಟ್ಟ ಕೂಡಲೇ ಮೆನು ಮಂಕು ಮಂಕಾಗಿ ಎದ್ದು ಬಂತು. ಡ್ರೈವರ್ ರಿಮೋಟು ಎತ್ತಿದ. ಪುಟ್ಟಿ ಅದನ್ನು ಕಸಿದುಕೊಂಡು ತಾನೇ 1080ರ ಮೇಲೆ ಚುಕ್ಕೆ ಇಟ್ಟು, ಮೊದಲಿದ್ದ ವೈರಿಗೆ ಮರಳಿದಳು. ತೆರೆ ಒಮ್ಮೆ ಕಪ್ಪಾಯಿತು. ಯಾರೂ ಏನನ್ನೂ ಒತ್ತಲಿಲ್ಲ. ಡ್ರೈವರ್ ತನ್ನೆರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಆಮೇಲೆ ಬೆಳಕು ಬಂತು.

ಎಂಥಾ ಬೆಳಕು! ವಾರ್ತೆ ಓದುವವಳು ಸೊರಗಿ ಅರ್ಧವಾಗಿ ಕೂತಿದ್ದಳು. "ಅಯ್ಯೋ ಪಾಪ, ಹುಷಾರಿಲ್ವೇನೋ," ಎಂದಳು ಅಮ್ಮ. ಗಡಿಯಾರ ನಾಣ್ಯದಂತೆ ದುಂಡಗಾಗಿತ್ತು. ಪುಟ್ಟಿಗೆ ಟೇಪು ಹಿಡಿದು ಅಳೆದು ತೋರಿಸಬೇಕೆನಿಸಿತು, ಆದರೆ ಅಷ್ಟರಲ್ಲಿ ಧಾರಾವಾಹಿ ಶುರುವಾಯಿತು.

ರಾಣಿ ಮೆಟ್ಟಿಲಿಳಿದಳು. ಕಡ್ಡಿಯಂಥ ಸೊಂಟ, ಅದರ ಮೇಲೆ ಮಖಮಲ್ಲು ಒಂದು ಸುಕ್ಕಿಲ್ಲದೆ ಕೂತಿತ್ತು. ಕ್ಯಾಮೆರಾ ಹತ್ತಿರ ಹೋಯಿತು. ಕತ್ತಿನ ಸುತ್ತ ಎಲೆಗಳು ಎದ್ದು ಬಂದವು, ಒಂದರ ಹಿಂದೊಂದು, ನರ ಸಮೇತ. ಅಮ್ಮ ಲಂಗವನ್ನು ಮಡಿಲಿಂದ ಕೆಳಗೆ ಜಾರಿಸಿ, ಎದ್ದು ಬಂದು ಟೀವಿಯ ಮುಂದೆಯೇ ನೆಲದ ಮೇಲೆ ಕೂತಳು. ಪುಟ್ಟಿ ಟೀವಿ ನೋಡಲಿಲ್ಲ, ಅಮ್ಮನ ಮುಖವನ್ನೇ ನೋಡಿದಳು. ಅಮ್ಮನ ತುಟಿ ಎಲೆಗಳನ್ನು ಎಣಿಸುವ ಹಾಗೆ ಅಲ್ಲಾಡುತ್ತಿತ್ತು.

"ನರ ಕೂಡ ಹಾಕಿದ್ದಾರೆ," ಎಂದ ಮಾಸ್ತರ್, ಹುಳಿ ಕಚ್ಚಿದವರ ದನಿಯಲ್ಲಿ.

ಪುಟ್ಟಿಗೆ ಸ್ವರ್ಗ ಮೂರೇ ಗೇಣು. ಆಗ ರಾಣಿ ಯಾರೋ ಕರೆದರೆಂದು ಪಕ್ಕಕ್ಕೆ ತಿರುಗಿದಳು, ಅವಳ ಎಡ ಭುಜ ತೆರೆಯ ತುಂಬ ಬಂತು. ಕಡುನೀಲಿಯ ಮೇಲೆ ಗೇಣುದ್ದದ ಬಿಳಿ ದಾರ.

ಪುಟ್ಟಿ ಅದನ್ನು ಗುರುತಿಸಿದಳು. ಕಚ್ಚಾ ಹೊಲಿಗೆ! ನಿಜವಾದ ಹೊಲಿಗೆಗೆ ಮೊದಲು ಬಟ್ಟೆ ಜರುಗದಿರಲೆಂದು ಬಿಳಿ ದಾರದಲ್ಲಿ ಉದ್ದುದ್ದ ಹಾಕಿ, ಕೆಲಸ ಮುಗಿದ ಮೇಲೆ ಕಿತ್ತೆಸೆಯುವ ದಾರ. ಎಲ್ಲವನ್ನೂ ಕಿತ್ತಿದ್ದಳು. ಒಂದು, ಆ ಹಾಳು ಕಾರಿನ ಹಾರ್ನಿನ ಗಲಾಟೆಯಲ್ಲಿ, ಉಳಿದುಬಿಟ್ಟಿತ್ತು. ರಾಣಿ ಅತ್ತಳು, ದಾರ ಅಲ್ಲಾಡಿತು. ರಾಣಿ ಶಪಥ ಮಾಡಿದಳು, ದಾರ ಇನ್ನೂ ಜೋರಾಗಿ ಅಲ್ಲಾಡಿತು. ಬೆಳಿಗ್ಗೆಯ ಮಬ್ಬು ಚಿತ್ರದಲ್ಲಿ ಇದು ಯಾರಿಗೂ ಕಾಣುತ್ತಿರಲಿಲ್ಲ. ಇಡೀ ದಿನ ಹಟ ಹಿಡಿದು, ಗಂಡನನ್ನು ಮಂಚದ ಕೆಳಗೆ ತೂರಿಸಿ, ಅವಳು ತನ್ನ ತಪ್ಪನ್ನೇ ಸಾವಿರದ ಎಂಬತ್ತು ಗೆರೆಗಳಲ್ಲಿ ತೋರಿಸಿಕೊಂಡಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಮ್ಮನಿಗೆ ಕಾಣದೆ ಇರುತ್ತದೆಯೇ? ಒಳಮೈಯ ಸುಕ್ಕು ಹುಡುಕುವ ಕಣ್ಣು ಅದು. ಅಮ್ಮನ ಕೈ ತಾನಾಗಿಯೇ ತೆರೆಯ ಕಡೆಗೆ ಹೋಗಿ, ಎರಡು ಬೆರಳು ಚಿವುಟುವ ಹಾಗೆ ಕೂಡಿ, ಅರ್ಧದಲ್ಲೇ ನಿಂತು, ಮತ್ತೆ ಮಡಿಲಿಗೆ ಬಂತು.

ಮಾಸ್ತರ್ ಸ್ಟೂಲಿನಿಂದ ಮುಂದಕ್ಕೆ ಬಾಗಿದ. "ಅದೇನಮ್ಮಾ ಭುಜದ ಮೇಲೆ, ಬೆಳ್ಳಗೆ?"

ಪುಟ್ಟಿ ಕಣ್ಣು ಮುಚ್ಚಿಕೊಂಡಳು.

"ಅದಾ?" ಎಂದಳು ಅಮ್ಮ, ರೆಪ್ಪೆ ಕೂಡ ಅಲ್ಲಾಡಿಸದೆ. "ಅದು ಟೀವಿದು. ಬೆಳಿಗ್ಗೆಯಿಂದ ಡಬ್ಬಿ ಸರಿ ಇಲ್ಲ, ಹಂಗೇ ಗೆರೆ ಬರ್ತಿರುತ್ತೆ."

"ಎಲ್ಲಿ ಅತ್ತೆ?" ಡ್ರೈವರ್ ಹೌಹಾರಿ ಎದ್ದ. "ಈಗ ತಾನೇ ಸರಿ ಮಾಡಿದ್ದೀವಿ! ಗಾಜಿನ ಹಾಗೆ ಬರ್ತಿದೆ! ಒಂದು ಗೆರೆ ತೋರ್ಸಿ ನೋಡೋಣ..."

"ಅಳಿಯಂದಿರೇ, ನಿಮಗೆ ಬಸ್ಸಿನ ವಿಷಯ ಗೊತ್ತು. ಕೂತ್ಕೊಳ್ಳಿ."

ಡ್ರೈವರ್ ಕೂತ. ಮಾಸ್ತರ್ ಅಮ್ಮನ ಮುಖ ನೋಡಿದ, ತೆರೆ ನೋಡಿದ, ಮತ್ತೆ ಅಮ್ಮನ ಮುಖ ನೋಡಿದ. ಆ ಮುಖದಲ್ಲಿ ಏನನ್ನೂ ಹುಡುಕಲು ಸಾಧ್ಯವಿರಲಿಲ್ಲ. ಧಾರಾವಾಹಿ ಮುಗಿಯಿತು. "ಡಬ್ಬಿ ರಿಪೇರಿ ಮಾಡಿಸಿ," ಎಂದು ಹೇಳಿ ಅವನು ಚಪ್ಪಲಿ ಮೆಟ್ಟಿಕೊಂಡ.

ಬಾಗಿಲು ಮುಚ್ಚಿತೋ ಇಲ್ಲವೋ, ಡ್ರೈವರನ ಸಂಕಟ ಕಟ್ಟೆಯೊಡೆಯಿತು. "ಏನತ್ತೆ ಇದು? ಬೆಳಿಗ್ಗೆ ಡಬ್ಬಿ ಕೆಟ್ಟು ಕೂತಿದ್ದಾಗ ಟೀವಿ ಚೆನ್ನಾಗೇ ಇದೆ ಅಂದ್ರಂತೆ. ಒದ್ದಾಡಿ ಸರಿ ಮಾಡಿದ ಮೇಲೆ ಸರಿ ಇಲ್ಲ ಅಂತೀರಿ!"

"ಬೆಳಿಗ್ಗೆ ಮನೆಯವರೇ ಇದ್ವಿ," ಎಂದಳು ಅಮ್ಮ.

ಅವನಿಗೆ ಅರ್ಥವಾಗಲಿಲ್ಲ. ತಲೆ ಕೊಡವುತ್ತ ಚಹಾ ಇಡಲು ಒಳಗೆ ಹೋದ. ಪುಟ್ಟಿ ಅಮ್ಮನ ಪಕ್ಕ ನೆಲದ ಮೇಲೆ ಕೂತಳು.

"ಅಮ್ಮ, ಅದು ಕಚ್ಚಾ ದಾರ. ಕೀಳೋದು ಮರೆತೆ."

"ನಂಗೇನು ಕಣ್ಣಿಲ್ವಾ? ಇಸ್ತ್ರಿಗೆ ಮುಂಚೆ ಕೀಳು, ಇಸ್ತ್ರಿಗೆ ಮುಂಚೆ ಕೀಳು ಅಂತ ಬಡ್ಕೊಂಡು ಬಡ್ಕೊಂಡು ನನ್ನ ಗಂಟಲು ಹೋಯ್ತು. ಇಡೀ ಊರಿಗೆ ತೋರಿಸ್ಕೊಂಡು ಬಂದ್ಯಲ್ಲೇ, ಕತ್ತೆ!" ಅಮ್ಮ ಲಂಗವನ್ನು ಮತ್ತೆ ಮಡಿಲಿಗೆಳೆದುಕೊಂಡು ಸೂಜಿ ಹುಡುಕಿದಳು. ಸೂಜಿ ಸಿಕ್ಕಿತು. ಪೋಣಿಸುತ್ತ ಪೋಣಿಸುತ್ತ, ತಲೆಯೆತ್ತದೆ, "ಎಲೆ ಚೆನ್ನಾಗಿದೆ," ಎಂದಳು. "ಅಷ್ಟು ಸಣ್ಣ ನರ ನನ್ನ ಕೈಲೂ ಆಗ್ತಿರಲಿಲ್ಲ. ಸೊಂಟದ ಅಳತೇನೂ ಸರಿಯಾಗೇ ಇದೆ."

ಪುಟ್ಟಿಗೆ ಅಳು ಉಕ್ಕಿ ಬಂತು. ಸೆರಗಲ್ಲಿ ಮೂಗೊರೆಸಿಕೊಂಡಳು. ಸಂತೋಷವನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ, ನಡುವೆ ಹೆದರಿಕೆಯೂ ಬಂದು ಸೇರಿಕೊಂಡಿತು.

"ನಾಳೆ ಬೆಳಿಗ್ಗೆ ಇದನ್ನೇ ಮತ್ತೆ ಹಾಕ್ತಾರಮ್ಮ. ಮಾಸ್ತರ್ ಅವರ ಮನೆ ಟೀವೀಲಿ ನೋಡಿದ್ರೆ?"

"ನೋಡ್ಲಿ," ಎಂದಳು ಅಮ್ಮ. "ಅವನ ಟೀವೀನೂ ಸರಿ ಇಲ್ಲ ಅಂತ ಹೇಳ್ತೀನಿ."